ರೊಟ್ಟಿ ಗಂಟು

"ನೀವೂ ಮಗಳಿಗೆ ರೊಟ್ಟಿ ಕಟಗೊಂಡು ಬಂದೀರೇನ್ರಿ ಅಕ್ಕಾರ? ಎಲ್ಲಿ ಅದಾಳ್ರಿ ನಿಮ್ಮ ಹುಡುಗಿ?"

ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ ತನ್ನ ಮಗಳ ಹಾಸಿಗೆ ಹಾಸುತ್ತಿದ್ದ ತಾಯಿಯೊಬ್ಬಳು ಹೀಗೆ ಕೇಳಿದಾಗ, ಶಿವಗಂಗಾಳ ಕೈ ಖಡಕ್ ರೊಟ್ಟಿಯ ಗಂಟಿನ ಮೇಲೇ ನಿಂತಿತು. ನಲವತ್ಮೂರರ ವಯಸ್ಸಿನಲ್ಲಿ ಎಂ.ಎ. ಓದಲು ದೊಡವಾಡದಿಂದ ಬಂದವಳು ಅವಳೇ. ಎದುರಿನ ಮಂಚವೂ ಅವಳದೇ. ಊರವರೆಲ್ಲ ನಕ್ಕಾಗಲೂ ಅಳುಕದವಳು ಈಗ ಅಳುಕಿದಳು.

"ಓದಾಕಿ ನಾನ ರೀ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆ ತಾಯಿ ಮಗಳನ್ನು ಮುಂದೆ ತಳ್ಳಿ, "ಹಿರ್ಯಾರ ಕಾಲಿಗೆ ಬೀಳವಾ" ಎಂದಳು. ಹುಡುಗಿ ಬಗ್ಗಿ ಕಾಲು ಮುಟ್ಟಿದಳು.

ಶಿವಗಂಗಾ ಗಂಟನ್ನು ಹುಡುಗಿಯ ಕೈಗೆ ಕೊಟ್ಟು, ತನ್ನ ಟ್ರಂಕು ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. "ಈ ರೊಟ್ಟಿ ನೀನ ತಿನ್ನವಾ. ನಮ್ಮ ಹುಡುಗಿ ಸಾಲಿ ಕಲಿಯಾಕ ಒಲ್ಲೆ ಅಂತಾಳ."