ಬೀಗ ಹಾಕಿದ ಡಬ್ಬಿ

ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಯಾವುದೂ ಅಲ್ಲದ ಆ ಇನ್ನೊಂದು ದಿಕ್ಕಿಗೆ ದುಡಿಯಲು ಹೋದವರು ಮರಳುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಆದರೆ ಅವರಿಗೆ ಮುಚ್ಚಿದ ಡಬ್ಬಿಯೂ ತೆರೆದ ತಟ್ಟೆಯೇ. ಹಾಗಾಗಿ ಊರ ಹೆಂಗಸರು ತಿಂಡಿಯ ಡಬ್ಬಿಗೆ ಬೀಗ ಹಾಕಿ ಇಡುತ್ತಿದ್ದರು; ಖಾಲಿಯಾದರೆ ಗಂಡ ಕ್ಷೇಮ ಎಂದರ್ಥ.

ತುಂಗಕ್ಕನ ಚಕ್ಕುಲಿ ಒಂಬತ್ತು ದಿನದಿಂದ ಹಾಗೇ ಇತ್ತು.

"ಅಳಬೇಡಿ ಅಕ್ಕಾ, ಭಾವನಿಗೆ ಹಲ್ಲುನೋವಿರಬೇಕು. ಮೆತ್ತಗಿನ ಕಡುಬು ಇಟ್ಟು ನೋಡಿ," ಎಂದಳು ಪಕ್ಕದ ಮನೆಯ ನಾಗವೇಣಿ.

"ನೋಯೋಕೆ ಅವರಿಗೆ ಹಲ್ಲೆಲ್ಲಿದೆ? ಎಲ್ಲಾ ಕಟ್ಟಿಸಿದ್ದು!"

ಆದರೂ ತುಂಗಕ್ಕ ಕಡುಬು ಬೇಯಿಸಿಟ್ಟಳು.

ಸಂಜೆ ಬೀಗ ತೆಗೆದರೆ ಕಡುಬು ಇರಲಿಲ್ಲ. ಅದರ ಜಾಗದಲ್ಲಿ ಗಂಡನ ಹಲ್ಲಿನ ಸೆಟ್ಟಿತ್ತು, ಒಡೆದು ಎರಡು ಹೋಳಾಗಿ. ರಿಪೇರಿಗೆ ಕಳಿಸಿದ್ದಾರೆ! ತುಂಗಕ್ಕ ನಕ್ಕುಬಿಟ್ಟಳು. ಎತ್ತಿಕೊಂಡಾಗ ಅದಿನ್ನೂ ಒದ್ದೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದಳು; ಯಾವ ಕಡೆ ತಿರುಗಿ ಹೇಳಬೇಕೆಂದು ತಿಳಿಯಲಿಲ್ಲ.