ಜಾಹೀರಾತು ನುಂಗಿದ ಜೋಕು

"ಅಪ್ಪಾ, ಸಿಕ್ತು! ಕೊನೇ ಕಂತು ಸಿಕ್ತು!" ಎಂದು ಕೂಗುತ್ತಾ ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. ಕೈಯಲ್ಲೊಂದು ಹಳೆಯ ವಿಡಿಯೋ ಕ್ಯಾಸೆಟ್ಟು. ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದ ನಿವೃತ್ತ ಬಸ್ ಡ್ರೈವರು ತಟ್ಟನೆ ಕಾಲು ಮಡಚಿ ನೆಟ್ಟಗೆ ಕುಳಿತ. ಅಡುಗೆಮನೆಯಿಂದ ಅವನ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು.

"ಬಂತಾ? ಇವತ್ತು ನಿಮ್ಮ ಬಣ್ಣ ಬಯಲಾಗತ್ತೆ, ನೋಡ್ತಾ ಇರಿ," ಎಂದಳು ಗಂಡನಿಗೆ.

ಈ ಜಗಳಕ್ಕೆ ಹೆಚ್ಚುಕಡಿಮೆ ಮಗಳಷ್ಟೇ ವಯಸ್ಸು. ಆಗ ಟೀವಿಯಲ್ಲೊಂದು ಧಾರಾವಾಹಿ ಬರುತ್ತಿತ್ತು. ನಗೆ ಕಾರ್ಯಕ್ರಮವೊಂದನ್ನು ತಯಾರಿಸಲು ಹೆಣಗುವ ತಂಡದ ಕಥೆ. ಅದರಲ್ಲಿ ಜೋಕು ಬರೆಯುವವನಿಗೂ ನಿರ್ದೇಶಕಿಗೂ ಹಾವು ಮುಂಗುಸಿ ವೈರ. ಊರನ್ನೆಲ್ಲ ನಗಿಸುವ ಹಾಸ್ಯಗಾರನದು ಸದಾ ಹರಳೆಣ್ಣೆ ಕುಡಿದ ಮುಖ. ಡ್ರೈವರನ ಹೆಂಡತಿಗೆ ಆ ಧಾರಾವಾಹಿಯೆಂದರೆ ಪ್ರಾಣ, ಆದರೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳಿಗೆ ಸಂಜೆಯ ಪಾಳಿ. ಹಾಗಾಗಿ ಡ್ರೈವರು ವಾರವಾರವೂ ರೆಕಾರ್ಡ್ ಮಾಡಿಡುತ್ತಿದ್ದ. ಅದೂ ಎಷ್ಟು ಅಚ್ಚುಕಟ್ಟಾಗಿ! ಜಾಹೀರಾತು ಬಂದ ಕೂಡಲೇ ಗುಂಡಿ ಒತ್ತಿ ಟೇಪು ನಿಲ್ಲಿಸುವುದು, ಮುಗಿದ ಕೂಡಲೇ ಮತ್ತೆ ಒತ್ತಿ ಓಡಿಸುವುದು. ಬ್ರೇಕು ತುಳಿಯುವ ಕಾಲಿಗಿಂತ ಅವನ ಹೆಬ್ಬೆರಳೇ ಚುರುಕು.

ಕೊನೆಯ ಕಂತಿನಲ್ಲಿ ಮಾತ್ರ ಎಡವಟ್ಟಾಯಿತು. ನೇರ ಪ್ರಸಾರ, ಜೋಕು ಬರೆದ ಹಾಳೆಗಳು ಕಳೆದುಹೋಗಿವೆ, ಹಾಸ್ಯಗಾರ ಬರಿಗೈಯಲ್ಲಿ ಮೈಕಿನ ಮುಂದೆ ನಿಂತು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಜಾಹೀರಾತು. ಟೇಪು ಮತ್ತೆ ಓಡುವ ಹೊತ್ತಿಗೆ ಸಭಾಂಗಣಕ್ಕೆ ಸಭಾಂಗಣವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದೆ! ನಡುವಿನ ಜೋಕೇ ಮಾಯ. "ಜಾಹೀರಾತು ಮುಗಿದು ಅವನು ಮೊದಲ ಮಾತಾಡಿದ್ದೇ ತಡ, ನಕ್ಕೂ ನಕ್ಕೂ ಗುಂಡಿ ಒತ್ತೋಕೇ ಆಗ್ಲಿಲ್ಲ ಕಣೇ," ಎಂದಿದ್ದ ಡ್ರೈವರು. ಜೋಕು ಏನೆಂದು ಕೇಳಿದರೆ ತಲೆ ಕೆರೆದುಕೊಂಡ. ಸುತರಾಂ ನೆನಪಿಲ್ಲ. "ನಿದ್ದೆ ಹೊಡೆದ್ರಿ," ಎಂದು ಹೆಂಡತಿ ಅಂದೇ ತೀರ್ಪು ಕೊಟ್ಟುಬಿಟ್ಟಳು. ಧಾರಾವಾಹಿ ಮರುಪ್ರಸಾರವಾಗಲಿಲ್ಲ, ಆ ಚಾನೆಲ್ಲೇ ಬಾಗಿಲು ಹಾಕಿತು.

ನಿದ್ದೆಯಂತೆ ನಿದ್ದೆ! ಜೀವಮಾನವೆಲ್ಲ ಸ್ಟೀರಿಂಗ್ ಹಿಡಿದು ಒಮ್ಮೆಯೂ ತೂಕಡಿಸದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ? ಬಂದ ನೆಂಟರ ಮುಂದೆಲ್ಲ "ನಮ್ಮನೆಯವರು ಬ್ರೇಕ್ ಹಾಕಿ ನಿದ್ದೆ ಹೊಡೆಯೋ ಡ್ರೈವರು" ಎಂದು ಅವಳು ನಗುತ್ತಿದ್ದಳು. ಅವನೂ ಜೊತೆಗೆ ಹಲ್ಲು ಕಿರಿಯುತ್ತಿದ್ದ, ಒಳಗೊಳಗೇ ಉರಿದುಹೋಗುತ್ತಿದ್ದ.

"ಪಕ್ಕದ ಬೀದಿ ಗಡಿಯಾರ ರಿಪೇರಿ ಮಾಮ ಕೊಟ್ರು," ಎಂದಳು ಮಗಳು, ಹಳೆಯ ವೀಸಿಆರಿನ ಧೂಳು ಊದುತ್ತಾ. "ಅವರೂ ಎಲ್ಲಾ ರೆಕಾರ್ಡ್ ಮಾಡಿಟ್ಟಿದ್ದಾರಂತೆ. ಒಂದು ಜಾಹೀರಾತೂ ಇಲ್ಲ, ಎಲ್ಲಾ ಕಟ್ ಮಾಡಿದ್ದೀನಿ ಅಂತ ಬೇರೆ ಕೊಚ್ಕೊಂಡ್ರು."

"ನೋಡಿ, ಈಗಲೇ ಹೇಳ್ತೀನಿ," ಎಂದಳು ಹೆಂಡತಿ. "ಜೋಕು ಸಪ್ಪೆಯಾಗಿದ್ರೆ ನಿದ್ದೆ ಹೊಡೆದಿದ್ದು ಒಪ್ಕೋಬೇಕು."

"ಒಪ್ಕೋತೀನಿ. ನೀನು ನಕ್ಕರೆ?"

"ನಕ್ಕರೆ ಇನ್ನು ಜನ್ಮದಲ್ಲಿ ಆ ಮಾತೆತ್ತಲ್ಲ."

ಟೇಪು ಓಡಿತು. ಸಾವಿರ ಸಲ ನೋಡಿದ ಮಾತುಗಳನ್ನು ಮೂವರೂ ಪಾತ್ರಗಳಿಗಿಂತ ಮೊದಲೇ ಹೇಳತೊಡಗಿದರು. ನಿರ್ದೇಶಕಿ ಬೈದಳು, ಅವಳ ಜೊತೆಗೆ ಹೆಂಡತಿಯೂ ಕೈ ಬೀಸಿ ಬೈದಳು. ಹಾಳೆ ಕಳೆದುಹೋಯಿತು. ಹಾಸ್ಯಗಾರ ಮೈಕಿನ ಮುಂದೆ ಬಂದ. ಡ್ರೈವರು ಕುಳಿತಲ್ಲಿ ಕುಳಿತುಕೊಳ್ಳಲಾಗದೆ ಎದ್ದು ನಿಂತ. ದೇವರೇ, ಜೋಕು ಚೆನ್ನಾಗಿರಲಪ್ಪಾ! ಹಾಸ್ಯಗಾರ ಬಾಯಿ ತೆರೆದ. ಪರದೆ ಒಮ್ಮೆ ಮಿಣುಕಿತು.

ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ಏನಾಯ್ತು? ಹಿಂದಕ್ಕೆ ತಿರುಗ್ಸು, ಹಿಂದಕ್ಕೆ!" ಹಿಂದಕ್ಕೆ ತಿರುಗಿಸಿದರೂ ಅಷ್ಟೇ: ತೆರೆದ ಬಾಯಿ, ಆಮೇಲೆ ನಗು. ಡ್ರೈವರು ತನ್ನ ಫೋನು ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ, ಗಡಿಯಾರದವನಿಗೆ ಹಚ್ಚಿದ.

"ರೀ ಸ್ವಾಮಿ, ಕೊನೇ ಜೋಕೆಲ್ಲಿ ನಿಮ್ಮ ಟೇಪಲ್ಲಿ?"

"ಯಾವುದು?"

"ಮೈಕ್ ಮುಂದೆ ನಿಂತ್ಕೊಂಡು ಹೇಳ್ತಾನಲ್ಲ, ಅದು!"

ಆ ಕಡೆ ಮೆಲ್ಲಗೆ ಕಿಸಕ್ಕೆಂದಿತು. "ಅಯ್ಯಯ್ಯೋ, ಅದಾ! ಏನಂತ ಹೇಳ್ಲಿ... ನಗು ತಡೆಯೋಕಾಗದೆ ನೆಲದ ಮೇಲೆ ಕೂತುಬಿಟ್ಟೆ. ಗುಂಡಿ ಯಾರು ಒತ್ತಬೇಕು? ನಿದ್ದೆ ಮಾಡಿದ್ರಿ ಅಂತ ನನ್ನ ಹೆಂಡ್ತಿ ಇವತ್ತಿಗೂ ಬೈತಾಳೆ!"

"ಕೇಳಿದ್ಯೇನೇ? ಕೇಳಿದ್ಯಾ?" ಡ್ರೈವರು ಕುಣಿದೇಬಿಟ್ಟ.

"ಅಣ್ಣಾ, ಜೋಕು ಏನು, ಅದನ್ನ ಹೇಳಿ ಮೊದ್ಲು!" ಹೆಂಡತಿ ಫೋನಿಗೆ ಬಾಯಿ ಹಚ್ಚಿದಳು.

"ಅದೇ ತಂಗಿ... ಅವನು ಬಾಯಿ ತೆಗೀತಾನೆ... ತೆಗೆದು..." ಮುಂದೆ ಬರೀ ನಗು. "ಒಂದಕ್ಷರ ನೆನಪಿಲ್ಲ!"

ಡ್ರೈವರು ಗೋಡೆ ಹಿಡಿದುಕೊಂಡು ನಕ್ಕ. ಹೆಂಡತಿ ತುಟಿ ಕಚ್ಚಿ ಹಿಡಿದಳು, ಹಿಡಿದಳು, ಹಿಡಿಯಲಾಗಲಿಲ್ಲ. ಉಸಿರು ಕಟ್ಟಿ ನಗುತ್ತಾ ಗಂಡನ ಭುಜಕ್ಕೆ ಗುದ್ದಿದಳು. "ನೀವು ನಿದ್ದೆ ಹೊಡೆದಿರ್ಲಿಲ್ಲ ರೀ... ಸುಮ್ಮಸುಮ್ಮನೆ ಇಷ್ಟು ವರ್ಷ ಅಂದ್ಬಿಟ್ಟೆ!" ಅದೊಂದು ಮಾತಿಗೆ ಡ್ರೈವರು ಹಿಗ್ಗಿ ಹೀರೇಕಾಯಿಯಾದ.

"ಏ, ನಿಮ್ಮಪ್ಪ ನಗೋದು ನೋಡೇ! ರೆಕಾರ್ಡ್ ಮಾಡೇ, ಬೇಗ!"

ಮಗಳು ಆಗಲೇ ತನ್ನ ಫೋನು ಎತ್ತಿ ಹಿಡಿದಿದ್ದಳು. ನಗು ಒಂದು ಹದಕ್ಕೆ ಬರಲು ತುಂಬ ಹೊತ್ತು ಹಿಡಿಯಿತು. ಹೆಂಡತಿ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಎಲ್ಲಿ, ತೋರ್ಸು."

ಮಗಳು ಫೋನು ನೋಡಿದಳು, ಹೆಬ್ಬೆರಳು ನೋಡಿಕೊಂಡಳು.

"ಅಮ್ಮಾ... ಗುಂಡಿನೇ ಒತ್ತಿಲ್ಲ."