ಹೊಂಗೆ ನೆರಳಿನ ಟ್ರ್ಯಾಕ್ಟರು

ಮದ್ದೂರಿನ ಬಸ್ಸು ಕೆಟ್ಟು ನಿಲ್ಲಬಹುದಿತ್ತು, ಅಪ್ಪನ ಸೊಂಟದಲ್ಲಿದ್ದ ದುಡ್ಡು ಕಳುವಾಗಬಹುದಿತ್ತು, ಕೊಂಡ ಟ್ರ್ಯಾಕ್ಟರು ನಾಲೆಗೆ ಉರುಳಬಹುದಿತ್ತು, ಗದ್ದೆ ಕೆಸರಲ್ಲಿ ಹೂತು ಅಲ್ಲೇ ಉಳಿಯಬಹುದಿತ್ತು. ಒಂಬತ್ತು ವರ್ಷಕ್ಕೇ ನಾನು ಚಿಂತೆಯಲ್ಲಿ ಮುದುಕಿ. ಇಷ್ಟನ್ನೂ ಬಸ್ಸಿನಲ್ಲೇ ಚಿಂತಿಸಿ ಮುಗಿಸಿದ್ದೆ. ಈಗಲೂ ಡೀಸೆಲ್ ವಾಸನೆ ಬಂದರೆ ನನ್ನ ಅಂಗೈ ತಾನಾಗಿ ಸೆರಗಿನೊಳಗೆ ಸೇರಿಕೊಳ್ಳುತ್ತದೆ.

ಎಪ್ಪತ್ತರ ದಶಕ ಅದು. ಇದ್ದ ಒಂದು ಜೊತೆ ಎತ್ತು ಮಾರಿ, ಅಪ್ಪ ಹಳೇ ಸಣ್ಣ ಟ್ರ್ಯಾಕ್ಟರು ಕೊಳ್ಳಲು ಹೊರಟಿದ್ದರು. ಆರಿಸುವ ಕೆಲಸ ಅಮ್ಮನ ಅಣ್ಣನದು. ನಮ್ಮವರಲ್ಲಿ ಇಂಜಿನ್ನು ಬಲ್ಲವನು ಅವನೊಬ್ಬನೇ. "ತಣ್ಗಿರೋ ಇಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟಾದ್ರೆ ಗಟ್ಟಿ ಮಾಲು ಕಣವ್ವ," ಎಂದು ಮಾವ ದಾರಿಯಲ್ಲಿ ನನಗೇ ಪಾಠ ಹೇಳಿದ್ದ.

ಟ್ರ್ಯಾಕ್ಟರು ಹೊಂಗೆ ಮರದ ದಟ್ಟ ನೆರಳಲ್ಲಿ ನಿಂತಿತ್ತು. "ಮೂರು ದಿನದಿಂದ ಮುಟ್ಟೇ ಇಲ್ಲ," ಅಂದ ಮಾರುವವನು. ಅಪ್ಪ ಟೈರು ಒದ್ದು ನೋಡುತ್ತಿದ್ದರು. ನಾನು ಇಂಜಿನ್ನಿಗೆ ಕೈಯಿಟ್ಟೆ. ಸುಡುತ್ತಿತ್ತು.

"ಮಾವ, ಬಿಸಿ ಅದೆ."

ಮಾವ ಮೆಲ್ಲಗೆ ನನ್ನ ಕೈ ತೆಗೆದ. "ಬಿಸ್ಲು ಕಣವ್ವ, ಸುಮ್ಕಿರು."

ಇಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟಾಯಿತು. "ನೀನು ಊಂ ಅಂದ್ರೆ ಮುಗೀತು ಕಣ್ ಭಾವ," ಎಂದು ಅಪ್ಪ ಮಾವನ ಬೆನ್ನು ತಟ್ಟಿ ದುಡ್ಡು ಬಿಚ್ಚಿದರು.

ಮಾರನೇ ಬೆಳಿಗ್ಗೆ ಅದು ಸ್ಟಾರ್ಟಾಗಲಿಲ್ಲ. ನಾಲ್ಕು ಜನ ತಳ್ಳಿದರೂ ಆಗಲಿಲ್ಲ.

"ತಂಡಿ ಇಡ್ದದೆ ಅಷ್ಟೇಯ. ಭಾವನ್ನ ಕರೀರಿ, ಅವನ್ಗೆ ಗೊತ್ತು," ಅಂದರು ಅಪ್ಪ.

ಮಾವ ಬಂದ. ಇಂಜಿನ್ನು ನೋಡುವ ಮೊದಲು ನನ್ನ ಮುಖ ನೋಡಿದ.